ದಿಂಬಿನ ಕೆಳಗಿನ ಲ್ಯಾಟಿನ್

ಅವ್ವನ ಬಿ.ಪಿ. ಮಾತ್ರೆಗೆಂದು ಮಂದಾಕಿನಿ ಪ್ರತಿ ತಿಂಗಳು ನಾಂಪಲ್ಲಿಯ ಆ ಔಷಧಿ ಅಂಗಡಿಗೆ ಬರುತ್ತಿದ್ದಳು. ಕೌಂಟರಿನಲ್ಲಿದ್ದ ಶಿವಶರಣಪ್ಪ ಒಮ್ಮೆ ಡಾಕ್ಟರ ಚೀಟಿಯ ಎರಡಕ್ಷರ ತೋರಿಸಿ, "ಇದು ಲ್ಯಾಟಿನ್‌ರಿ, ಹೋರಾ ಸೋಮ್ನಿ. ಮಲಗೋ ಹೊತ್ತಿಗೆ ತಗೋಬೇಕು ಅಂತ" ಎಂದ.

"ಅಯ್ಯ, ನಿಮಗ ಲ್ಯಾಟಿನ್ ಬರ್ತೈತೇನ್ರಿ?"

ಅರಳಿದ ಆ ಕಣ್ಣುಗಳೆದುರು ಇಲ್ಲವೆನ್ನಲು ಅವನಿಗೆ ಮನಸ್ಸಾಗಲಿಲ್ಲ; ಹೂಂ ಎಂದುಬಿಟ್ಟ. ಬರುತ್ತಿದ್ದದ್ದು ಚೀಟಿಯ ಹತ್ತು ಪದ ಮಾತ್ರ.

ಎಂಬತ್ತಾರರ ಜನವರಿಯಲ್ಲಿ ಕನ್ನಡ ಸಂಘದವರು ತಮ್ಮ ಕಟ್ಟಡದಲ್ಲೇ ನಿಧಿ ಹುಡುಕುವ ಸ್ಪರ್ಧೆ ಇಟ್ಟರು. ಮಂದಾಕಿನಿ ತಾನಾಗಿಯೇ ಅವನನ್ನು ಜೋಡಿಯಾಗಿ ಕರೆದಳು. ಕೊನೆಯ ಲಕೋಟೆಯಲ್ಲಿದ್ದದ್ದು ಒಂದೇ ಸಾಲು: 'ಹೋರಾ ಫುಗಿತ್, ನೆ ತಾರ್ದೆಸ್.' ಅದು ಸೂಚಿಸುವ ಜಾಗದಲ್ಲಿ ನಿಧಿ.

"ಲಗೂನ ಹೇಳ್ರಿ," ಎಂದು ಬಾಗಿದಳು. ಅವಳ ಬಳೆ ಅವನ ಮೊಣಕೈಗೆ ತಾಕಿತು.

'ಹೋರಾ' ಕಂಡದ್ದೇ ತಡ, "ಮಲಗೋ ಜಾಗಾ!" ಎಂದು ಮಂಚವಿದ್ದ ಕೋಣೆಗೆ ಓಡಿ ದಿಂಬು ಎಳೆದ. ದಿಂಬಿನ ಮೇಲೆ, ಮುಸುಕು ಹಾಕಿಕೊಂಡು ಮಲಗಿದ್ದ ಸಂಘದ ಅಧ್ಯಕ್ಷ ಹಣಮಂತರಾಯರ ತಲೆಯಿತ್ತು.

"ಕಳ್ಳ! ಕಳ್ಳ!" ರಾಯರು ಕಿರುಚಿದರು.

ಬಾಗಿಲಲ್ಲಿ ಜನ ಮುಕುರಿತು. ಒಗಟು ಬರೆದ ನಿವೃತ್ತ ಮೇಷ್ಟ್ರು, "ಹೊತ್ತು ಓಡಾಕತ್ತೈತಿ, ತಡಾ ಮಾಡಬ್ಯಾಡ ಅಂತ ಅದರರ್ಥ. ಗೋಡಿ ಗಡಿಯಾರದ ಹಿಂದ ಹುಡುಕೂದು ಬಿಟ್ಟು, ಪಂಡಿತ್ರು ದಿಂಬಿಗೆ ಕೈ ಹಾಕ್ಯಾರ!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಮಂದಾಕಿನಿಯೂ ನಕ್ಕಳು. ಶಿವಶರಣಪ್ಪ ತಲೆ ತಗ್ಗಿಸಿ ಹೊರಟುಹೋದ.

ಮುಂದಿನ ತಿಂಗಳು ಅವಳು ಬರಲಿಲ್ಲ. ಮಾತ್ರೆ ಮುಗಿಯುವ ದಿನ ಅವನಿಗೆ ಗೊತ್ತಿತ್ತು. ಮೂರು ದಿನ ಕಾದು, ಮಾತ್ರೆ ಕಟ್ಟಿಕೊಂಡು ಬೇಗಂ ಬಜಾರಿನ ಹಿಂದಿನ ಓಣಿಯಲ್ಲಿದ್ದ ಅವಳ ಮನೆಗೇ ಹೋದ.

"ಮಾತ್ರಿ ತಂದೀನ್ರಿ." ಕತ್ತು ಎತ್ತಲಿಲ್ಲ. "ನನಗ ಲ್ಯಾಟಿನ್ ಬರಂಗಿಲ್ಲ. ನಿಮ್ಮ ಕಣ್ಣಾಗ ದೊಡ್ಡಾಂವ ಆಗಬೇಕಂತ ಸುಳ್ಳು ಹೇಳಿದೆ. ಭಾಳ ನಾಚಿಕಿ ಆಗೈತಿ."

"ನನಗ ಅದಕ್ಕಿಂತ ಹೆಚ್ಚು." ಅವಳು ಬಾಗಿಲ ಚೌಕಟ್ಟು ಹಿಡಿದಳು. "ಕರಕೊಂಡು ಹೋದಾಕಿ ನಾನು. ಮಂದಿ ಜೋಡಿ ಸೇರಿ ನಾನೂ ನಕ್ಕೆ. ಯಾವ ಮಾರಿ ಹೊತ್ತು ಅಂಗಡಿಗೆ ಬರಲಿ? ಮಾತ್ರಿ ಬ್ಯಾರೆ ಕಡೆ ತಂದೆ. ಆ ಅಂಗಡ್ಯಾಂವ ಅವ್ವ ಹೆಂಗದಾಳ ಅಂತ ಸೈತ ಕೇಳಲಿಲ್ಲ."

ಬಾಗಿಲಲ್ಲಿ ನೆರಳು ಕಂಡು ಒಳಗಿನಿಂದ ಅವ್ವನ ದನಿ ಬಂತು. "ಯಾರ ಬಂದಾರವ್ವಾ?"

ಮಂದಾಕಿನಿ ಅವನನ್ನು ನೇರ ನೋಡಿದಳು. "ಏನಂತ ಹೇಳ್ಲಿ?"

ಅವನ ಕಿವಿ ಕೆಂಪಾದವು. "ನಿಮ್ಮನ್ನ ಲಗ್ನಕ್ಕ ಕೇಳಾಕ ಬಂದೀನಂತ ಹೇಳ್ರಿ."

ಅವಳು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. "ನೀವ ಹೇಳ್ರಿ. ಅವ್ವಗ ಕಿವಿ ಮಂದ."

ಮೊದಲ ಸಲ ಮುದುಕಿಗೆ ಕೇಳಿಸಲಿಲ್ಲ. ಎರಡನೇ ಸಲ ಅವನು ಹೊಸ್ತಿಲಲ್ಲೇ ನಿಂತು ಕೂಗಿಯೇ ಹೇಳಿದ. ಓಣಿಯ ಕಿಟಕಿಗಳು ತೆರೆದವು, ಎದುರುಮನೆಯವರು ಕಿಸಕ್ಕೆಂದರು. ಮಂದಾಕಿನಿ ಅವರೆಲ್ಲರ ಮುಂದೆ ಬಂದು ಅವನ ಪಕ್ಕಕ್ಕೆ ನಿಂತಳು.