ಜೀಪಿನ ಹೊಸ ಕಿಟಕಿ ಕೊಯ್ದವರು

ಒಂಟಿಸಲಗದ ಬಾಲ ಹಿಡಿದು, ಬೆಳಗೋಡಿನ ಕಾಫಿ ತೋಟದಿಂದ ಪಾಳ್ಯದ ಗದ್ದೆಬಯಲಿನವರೆಗೆ ಜಡಿಮಳೆಯಲ್ಲಿ ರಾತ್ರಿಯಿಡೀ ನಡೆಸಿಕೊಂಡು ಹೋಗಿ, ಅಲ್ಲಿ ಅದನ್ನು ಕೂರಿಸಿ ಬುದ್ಧಿ ಹೇಳಿ, ಬೆಳಗಾಗುವುದರೊಳಗೆ ವಾಪಸು ಬಂದ ಗಂಡಸು ಹಾಸನ ಜಿಲ್ಲೆಗೆಲ್ಲ ಒಬ್ಬನೇ. ಹೆಸರು ಬೊನಿಫಾಸ್. ಬೀಳ್ಕೊಡುವಾಗ ಆನೆ ಸೊಂಡಿಲೆತ್ತಿ ಕ್ಷಮೆ ಕೇಳಿತಂತೆ. ಇದಕ್ಕೆ ಸಾಕ್ಷಿ ಯಾರೆಂದರೆ ಬೊನಿಫಾಸನೇ.

ರೊವೀನಾಳ ಎಸ್ಟೇಟಿನ ಜೀಪ್ ಶೆಡ್ಡಿನಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತು ಅವನು ಹಿಂದಿನ ರಾತ್ರಿಯ ಈ ಸಾಹಸವನ್ನು ಬಣ್ಣಿಸುತ್ತಿದ್ದಾಗ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರ ಕಣ್ಣೂ ಜೀಪಿನ ಹಿಂಭಾಗದ ಮೇಲಿತ್ತು.

ಅದು ರೊವೀನಾಳ ಅಪ್ಪನ ಕಾಲದ, ಬಟ್ಟೆಯ ಹುಡ್ ಮಡಚುವ, ಬಾಗಿಲಿನ ಬದಲು ಬೆಲ್ಟು ಬಿಗಿಯುವ ಪರದೆಗಳಿದ್ದ ಜೀಪು. ಹುಡ್ಡಿನ ಹಿಂದಿನ ಪ್ಲಾಸ್ಟಿಕ್ ಕಿಟಕಿ ಅರಿಸಿನದ ನೀರಿನ ಬಣ್ಣಕ್ಕೆ ತಿರುಗಿ, ಬಿರುಕಿಗೊಂದು ಟೇಪಿನ ತುಂಡು ಅಂಟಿಸಿಕೊಂಡು ಎಷ್ಟೋ ಮಳೆಗಾಲ ಕಳೆದಿತ್ತು. ಹಿಂದಿನ ದಿನ ಬಾಳ್ಳುಪೇಟೆಯಿಂದ ಹುಡ್ ಹೊಲಿಯುವ ಪ್ರದೀಪ್ ಬಂದು ಹೊಸದನ್ನು ಹಾಕಿದ್ದ. ಗೀರು ಬೀಳದಿರಲೆಂದು ಹೊರಗಡೆ ಕಂದು ಕಾಗದ ಅಂಟಿಸಿ, ಬಟ್ಟೆ ಸುಕ್ಕಿಲ್ಲದೆ ಕೂರಲೆಂದು ಹುಡ್ಡಿನ ಬೆಲ್ಟುಗಳನ್ನೆಲ್ಲ ಹೊರಗಿನಿಂದ ಬಿಗಿಸಲು ಹೇಳಿ, "ಬೆಳಿಗ್ಗೆ ನಾನೇ ಬಂದು ಬಿಚ್ತೀನಿ, ಅಲ್ಲೀವರ್ಗೂ ಯಾರೂ ಮುಟ್ಬೇಡಿ," ಎಂದು ಹೋಗಿದ್ದ.

ಈಗ, ಹೇಳಿದಂತೆ ಅವನು ಬಂದು ನಿಂತಾಗ, ಬೆಲ್ಟುಗಳು ಬಿಗಿದಂತೆಯೇ ಇದ್ದವು. ಕಿಟಕಿ ಮಾತ್ರ ಕೆಳಗಿನ ಅಂಚಿನುದ್ದಕ್ಕೂ ಕೊಯ್ದುಹೋಗಿ, ಬಾಳೆಲೆಯ ಹಾಗೆ ಜೋತಾಡುತ್ತಿತ್ತು.

"ಶೆಡ್ಡಿಗಿರೋದು ಒಂದೇ ಬೀಗ, ಒಂದೇ ಕೀ. ಅದು ನಿನ್ನ ಉಡಿದಾರದಲ್ಲಿ," ರೊವೀನಾ ಡ್ರೈವರ್ ಗುಂಡಯ್ಯನ ಮುಂದೆ ನಿಂತಿದ್ದಳು. "ಇನ್ನು ಮೇಲೆ ಜೀಪು ನಾನೇ ಓಡಿಸ್ತೀನಿ ಅಂದಿದ್ದಕ್ಕೆ ನಿನ್ನೆ ಏನಂದೆ? ನಾನಿಲ್ದೆ ಇದು ಗೇಟು ದಾಟಲ್ಲ ಅಂತ ತಾನೆ?"

"ಬಾಯ್ಮಾತಿಗೆ ಅಂದೆ ಕಣಮ್ಮಾ. ಬೆಳಿಗ್ಗೆ ಬೀಗ ತೆಗ್ದೆ, ನೋಡ್ದೆ, ಬಾಗ್ಲು ಹಂಗೇ ಬುಟ್ಟು ನಿಮ್ಮನ್ನ ಕರ್ಯಕ್ಕೆ ಓಡ್ಬಂದೆ. ಅಷ್ಟೇ ನಂಗೆ ಗೊತ್ತಿರೋದು."

"ಕೀ ಕೊಡು. ಇವತ್ತೇ ಲೈನ್ ಮನೆ ಖಾಲಿ ಮಾಡು."

ಗುಂಡಯ್ಯ ಕೀ ಬಿಚ್ಚಲು ಹೋದ. ದಾರದ ಗಂಟು ಬಿಚ್ಚಿಕೊಳ್ಳಲಿಲ್ಲ. ಇಪ್ಪತ್ತು ವರ್ಷದಿಂದ ಅವನ ಸಂಸಾರ ಇದ್ದದ್ದು ಎಸ್ಟೇಟಿನ ಆಳುಗಳ ಸಾಲಿನ ಆ ಲೈನ್ ಮನೆಯಲ್ಲಿ. ಬೊನಿಫಾಸ್ ಯಾಕೋ ಅತ್ತ ನೋಡದೆ ಮುಖ ತಿರುಗಿಸಿದ. ಅವನು ಆನೆಯ ಕತೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದ.

"ಸ್ವಲ್ಪ ಬಾಯ್ಮುಚ್ಚು ಮಾರಾಯ," ಎಂದರು ವೆರೋನಿಕಾ.

ವೆರೋನಿಕಾ ರೊವೀನಾಳ ಸೋದರತ್ತೆ. ಅಪಘಾತದ ವಾಹನಗಳನ್ನು ನೋಡಿ ವಿಮೆ ಕೊಡಬೇಕೋ ಬೇಡವೋ ಎಂದು ಹೇಳುವ ಸರ್ವೇಯರ್ ಆಗಿದ್ದವರು. ನಿವೃತ್ತಿಯ ನಂತರ ಬಂಗಲೆಯಲ್ಲೇ ನೆಲೆನಿಂತು, ಸುತ್ತಲ ತೋಟಗಳ ಕಳವು, ಮೋಸಗಳನ್ನೆಲ್ಲ ಬಿಡಿಸಿಕೊಡುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್ ಬೊನಿಫಾಸ್ ಅವರ ಬಲಗೈ. ಅವನನ್ನು ಕೇಳಿದರೆ ಎಡಗೈ, ತಲೆ, ಕಣ್ಣು ಎಲ್ಲವೂ ಅವನೇ.

ವೆರೋನಿಕಾ ಕೊಡೆಯನ್ನು ಗೋಡೆಗೆ ಒರಗಿಸಿ ಕಿಟಕಿಯ ಬಳಿ ಬಗ್ಗಿದರು. ಸಂಜೆಯಿಂದ ಬಿಡದೆ ಸುರಿದ ಮಳೆಗೆ ಎಲ್ಲರ ಚಪ್ಪಲಿಯಲ್ಲೂ ಸೇರುಗಟ್ಟಲೆ ಕೆಮ್ಮಣ್ಣು. ಬೊನಿಫಾಸನ ಕ್ಯಾನ್ವಾಸ್ ಬೂಟು ಮಾತ್ರ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಅಂಥ ವೀರನನ್ನು ಮುಟ್ಟಲು ಕೆಸರಿಗೂ ಧೈರ್ಯ ಬೇಡವೇ?

"ಬೊನಿ, ಏನೋ ಮದುವಣಿಗನ ಹಾಗೆ ಗಮಗುಟ್ಟುತ್ತಿದ್ದೀಯಲ್ಲ?"

"ಸೊಳ್ಳೆ ಕ್ರೀಮು, ವೆರೋನಿಕಾಬಾಯಿ! ಅರ್ಧ ಟ್ಯೂಬು ಬಳಿದಿದ್ದೇನೆ. ಈ ಘಾಟಿಗೇ ಸಲಗ ಅರ್ಧ ಸೋತಿದ್ದು."

ವೆರೋನಿಕಾ ನಗಲಿಲ್ಲ. ಬಾಗಿಲು ಮುಚ್ಚಿಸಿದರು. ಹೊರಗಿನ ಮಳೆಯ ಸದ್ದು ತಗಡಿನ ಮೇಲೆ ಕೂತು ಶೆಡ್ಡನ್ನು ಅದುಮಿದಂತಾಯಿತು. "ಯಾರೂ ಹೊರಗೆ ಹೋಗಬೇಡಿ. ಇಲ್ಲೇ ಮುಗಿಸೋಣ. ರೊವೀನಾ, ಇದನ್ನು ಕೊಯ್ದದ್ದು ಜೀಪಿನ ಒಳಗಿನಿಂದ. ಬ್ಲೇಡು ಮೊದಲು ಇಳಿದ ಗುರುತು ಒಳಮೈಯಲ್ಲಿದೆ."

"ಹಾಗಾದ್ರೆ ಪ್ರದೀಪ್!" ರೊವೀನಾ ತಿರುಗಿದಳು. "ನೀನೇ ಅಲ್ವೇನೋ ಒಳಗೆ ಕೂತು ಬ್ಲೇಡು ಹಾಕಿದ್ದು?"

ಪ್ರದೀಪನ ಮುಖ ಬಿಳಿಚಿತು. "ಹೌದು ಮೇಡಂ. ಹಳೇದನ್ನ ಮೊದ್ಲೇ ತೆಗೆದ್ರೆ ಹುಡ್ಡು ಎಳ್ಕೊಂಡು ಸೊಟ್ಟ ಆಗುತ್ತೆ. ಅದಕ್ಕೇ ಹೊಸದನ್ನ ಅದರ ಮೇಲೇ ಹೊಲ್ದು, ಆಮೇಲೆ ಒಳಗಿನಿಂದ ಹಳೇದನ್ನ ಮಾತ್ರ ಕೊಯ್ದು ತೆಗೀತೀವಿ. ಆದ್ರೆ ಹೊಸದಕ್ಕೆ ಒಂದು ಗೀರೂ ತಾಗಿಸಿಲ್ಲ. ಅಮ್ಮನಾಣೆ!"

"ಕೈ ಜಾರಿತ್ತು ಅಂತ ಒಪ್ಪಿಕೋ ಮಾರಾಯ!" ಬೊನಿಫಾಸ್ ಅವಸರದಲ್ಲಿ ಹೇಳಿದ. "ಲೋಕದಲ್ಲಿ ಕೈ ಜಾರದವನು ನಾನೊಬ್ಬನೇ."

"ಅವನ ಕೈ ಜಾರಿರಲಿಲ್ಲ," ಎಂದರು ವೆರೋನಿಕಾ. "ಕಾಗದ ಅಂಟಿಸಿದ್ದು ಅವನ ಕೊಯ್ಯುವ ಕೆಲಸ ಮುಗಿದ ಮೇಲೆ. ರೊವೀನಾ, ಸಂಜೆ ಗುಂಡಯ್ಯ ಬೆಲ್ಟು ಬಿಗಿಯುವಾಗ ನೀನೂ ಇದ್ದೆ. ಕಾಗದ ಹೇಗಿತ್ತು?"

"ನೆಟ್ಟಗಿತ್ತು ಆಂಟಿ. ಕೈಯಾಡಿಸಿ ನೋಡಿದ್ದೆ."

"ಈಗ ನೋಡು. ಒಳಗಿನಿಂದ ನೂಕಿದ ಹಾಗೆ ಹೊರಕ್ಕೆ ಹರಿದಿದೆ. ಅಂದರೆ ನೀವು ಬೆಲ್ಟು ಬಿಗಿದು ಬೀಗ ಹಾಕುವಾಗ ಜೀಪಿನೊಳಗೆ ಒಬ್ಬ ಮನುಷ್ಯ ಇದ್ದ. ಕಾಗದ ಇದ್ದದ್ದರಿಂದ ನಿಮಗೆ ಕಾಣಲಿಲ್ಲ. ಬೆಲ್ಟುಗಳೆಲ್ಲ ಹೊರಗೆ, ಅವನು ಒಳಗೆ. ಕಳ್ಳ ಒಳಗೆ ಹೋಗಲು ಕಿಟಕಿ ಕೊಯ್ದದ್ದಲ್ಲ ಇದು. ಸಿಕ್ಕಿಬಿದ್ದವನು ಹೊರಗೆ ಬರಲು ಕೊಯ್ದದ್ದು."

"ಜೀಪಿಂದ ಬಂದ, ಸರಿ. ಶೆಡ್ಡಿಂದ ಎಂಗೋದ?" ಗುಂಡಯ್ಯ ಮೊದಲ ಸಲ ತಲೆಯೆತ್ತಿದ.

"ಹೋಗಲಿಲ್ಲ. ಇಲ್ಲೇ ಎಲ್ಲೋ ಅಡಗಿದ್ದ. ನೀನು ಬಾಗಿಲು ತೆರೆದಿಟ್ಟು ಓಡಿದಾಗ ಹೋಗಬಹುದಿತ್ತು. ಆದರೆ ಅಷ್ಟರಲ್ಲಿ ನಾವು ಅಂಗಳಕ್ಕೆ ಇಳಿದಿದ್ದೆವು. ಅದಕ್ಕೇ ಈಗ ತಾನೇ ಬಂದವನ ಹಾಗೆ ನಿಂತುಬಿಟ್ಟ." ಅವರು ಜೋತಾಡುವ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದರು. ಒಳಮೈಯಲ್ಲಿ ಎರಡು ಅಂಗೈಗಳು, ಹತ್ತು ಬೆರಳುಗಳು, ಮಂಜು ಕವಿದಂತೆ ಮೂಡಿದ್ದವು. "ಪ್ರದೀಪ್, ಒರೆಸು."

ಪ್ರದೀಪ್ ಬಟ್ಟೆಯಿಂದ ಉಜ್ಜಿದ. ಗುರುತು ಮಾಸಲಿಲ್ಲ. "ಅಯ್ಯೋ, ಪ್ಲಾಸ್ಟಿಕ್ಕೇ ಕರಗಿಬಿಟ್ಟೈತೆ ಮೇಡಂ."

"ಸೊಳ್ಳೆ ಕ್ರೀಮು ಈ ಜಾತಿಯ ಪ್ಲಾಸ್ಟಿಕ್ಕನ್ನು ತಿಂದು ಮಂಕು ಮಾಡುತ್ತದೆ. ಕೆಲಸದಲ್ಲಿದ್ದಾಗ ಇಂಥ ಎಷ್ಟೋ ಕಿಟಕಿ ನೋಡಿದ್ದೇನೆ. ಸೊಳ್ಳೆಗೆ ಗುಂಡಯ್ಯ ಮೈಗೆ ಹಚ್ಚುವುದು ಹೊಗೆಸೊಪ್ಪಿನ ನೀರು. ಹೊಸ ಕಿಟಕಿ ಹಾಕುವವನು ಕ್ರೀಮಿನ ಕೈಯಲ್ಲಿ ತನ್ನ ಕೆಲಸವನ್ನೇ ಮುಟ್ಟುವುದಿಲ್ಲ. ಇನ್ನುಳಿದದ್ದು ಜಡಿಮಳೆಯಲ್ಲಿ ಪಾಳ್ಯದವರೆಗೆ ಆನೆ ನಡೆಸಿ, ಬೂಟಿಗೆ ಒಂದು ತೊಟ್ಟು ಕೆಸರೂ ತಾಗಿಸಿಕೊಳ್ಳದೆ ಬಂದ ಮಹಾಶಯ."

ಎಲ್ಲರೂ ಬೂಟು ನೋಡಿದರು. ಬೊನಿಫಾಸನೂ ನೋಡಿಕೊಂಡ.

"ಅದು ಏನೆಂದರೆ... ನಾನು ಆನೆಯ ಬೆನ್ನ ಮೇಲೆ..."

"ಬೊನಿ."

ಅವನು ಬಾಗಿಲ ಕಡೆ ನೋಡಿದ. ಅಡ್ಡಕ್ಕೆ ಗುಂಡಯ್ಯ ನಿಂತಿದ್ದ, ಬೆರಳಿನ್ನೂ ಬಿಚ್ಚಿಕೊಳ್ಳದ ಗಂಟಿನ ಮೇಲೇ ಇತ್ತು. ಕತೆ ಕಟ್ಟಲು ಬಾಯಿ ತೆರೆದ. ಹೊರಬಿದ್ದದ್ದು ನಿಜ.

"ಸಂಜೆ ವಾಟ್ಸಾಪಿನಲ್ಲಿ ಸಲಗ ನಮ್ಮ ತೋಟಕ್ಕೆ ಇಳಿದಿದೆ ಅಂತ ಬಂತು. ಲೈನಿನವರ ಮುಂದೆ ಅದನ್ನ ನಾನೇ ಓಡಿಸ್ತೀನಿ ಅಂದೆ. ಶೆಡ್ಡಿನ ಹತ್ತಿರ ಬಂದಾಗ ಹಿಂದೆ ದಡ್ ಅಂತ ಒಂದು ಸದ್ದು. ಜೀಪಿನೊಳಗೆ ನುಗ್ಗಿ ಸೀಟಿನಡಿ ಮಲಗಿದೆ."

"ಅದು ಹಲಸಿನ ಹಣ್ಣು ಬಿದ್ದಿದ್ದು ಕಣ್ರೀ!" ಎಂದ ಗುಂಡಯ್ಯ. "ನಾನೇ ಹೊತ್ಕೊಂಡೋದೆ."

ರೊವೀನಾಗೆ ನಗು ತಡೆಯಲಾಗಲಿಲ್ಲ. ಗುಂಡಯ್ಯ ನಗಲಿಲ್ಲ. "ನಾನು ಬೆಲ್ಟು ಬಿಗೀವಾಗ ಒಂದ್ಮಾತು ಕೂಗ್ಬೋದಿತ್ತಲ್ಲ?"

"ರೊವೀನಾ ಪಕ್ಕದಲ್ಲೇ ಇದ್ದಳು. ನಾಚಿಕೆಯಾಯಿತು. ಆಮೇಲೆ ಮಳೆ ಶುರುವಾಯಿತು, ಕೂಗಿದರೂ ಕೇಳುವವರಿಲ್ಲ. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಕತ್ತಲೆ, ಉಸಿರು ಕಟ್ಟುತ್ತಿತ್ತು. ಚಾಕು ತೆಗೆದೆ. ಹೊರಗೆ ಬಂದರೆ ಬಾಗಿಲಿಗೆ ಬೀಗ. ಗೊಬ್ಬರದ ಚೀಲದ ಹಿಂದೆ ಕೂತೆ."

"ಮತ್ತೆ ಈಗ? ಅಮ್ಮಾವ್ರು ಮನೆ ಖಾಲಿ ಮಾಡು ಅಂದಾಗ?"

ಬೊನಿಫಾಸ್ ಸೊಂಟದ ಮೇಲಿನ ಕೈ ಇಳಿಸಿದ. ಮಾತಾಡಿದಾಗ ದನಿ ಎಷ್ಟು ಸಣ್ಣದಿತ್ತೆಂದರೆ ಮಳೆಯಲ್ಲಿ ಎಲ್ಲರೂ ಮುಂದಕ್ಕೆ ಬಾಗಬೇಕಾಯಿತು.

"ಆಗಲೂ ಹೆದರಿದೆ, ಗುಂಡಯ್ಯ. ಆನೆಗಿಂತ ಜಾಸ್ತಿ."