ಅಳಿಸಿದ ಗುನುಗು

ನನ್ನ ಗಂಡ ಪಿಯಾನೊ ನುಡಿಸುತ್ತಿದ್ದರು. ಬಾಸ್ ಮತ್ತು ಡ್ರಮ್ಸ್ ನುಡಿಸುವ ಇಬ್ಬರು ಗೆಳೆಯರೊಂದಿಗೆ ಮೆಲುದನಿಯ, ವಿಷಾದದ ಒಂದು ಜಾಝ್ ಆಲ್ಬಮ್ ಮಾಡಿ, ಅದು ಹೊರಬರುವ ಮೊದಲೇ ತೀರಿಕೊಂಡರು. ನುಡಿಸುವಾಗ ಗುನುಗುವುದು ಅವರ ಅಭ್ಯಾಸ. ನನ್ನೊಂದಿಗೆ ಮಾತಿಗೇ ಬರವಿದ್ದವರು ಪಿಯಾನೊ ಎದುರು ಮಾತ್ರ ಬಾಯಿ ಬಿಡುತ್ತಿದ್ದರು.

“ಅತ್ತಿಗೆ, ಆ ಗುನುಗೊಂದು ತೆಗೆದುಬಿಡಿ. ಕೇಳೋರಿಗೆ ಕಿರಿಕಿರಿ,” ಎಂದ ಬಾಸ್ ನುಡಿಸುವವನು. ಧ್ವನಿ ಸಂಕಲನವೇ ನನ್ನ ಉದ್ಯೋಗ.

“ಇದ್ದಾಗ ಬಾಯಿ ಬಿಡಿಸೋಕಾಗ್ಲಿಲ್ಲ, ಈಗ ಮುಚ್ಚಿಸ್ತೀನಿ ಬಿಡಪ್ಪ,” ಎಂದೆ. ಒಂದು ಉಸಿರೂ ಉಳಿಯದಂತೆ ಅಳಿಸಿದೆ.

ಮರುದಿನ ಮಧ್ಯಾಹ್ನ ಅವನು ಕೇಳಲು ಬಂದ. ಸ್ಪೀಕರಿನಲ್ಲಿ ಹಾಕಿದೆ. ಮೊದಲ ಟ್ರ್ಯಾಕಿಗೇ ನಕ್ಕುಬಿಟ್ಟ.

“ಎಲ್ಲಿ ತೆಗ್ದಿದ್ದೀರಿ ಅತ್ತಿಗೆ? ಅಣ್ಣ ಗುನುಗ್ತಾನೇ ಇದ್ದಾನಲ್ಲ!”

ನಾನು ಹೆಡ್‌ಫೋನ್ ಕೊಟ್ಟೆ. ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಹೆಡ್‌ಫೋನಿನಲ್ಲಿ ಗುನುಗು ಇರಲಿಲ್ಲ, ತೆಗೆದರೆ ಇತ್ತು. ಆಮೇಲೆ ಇಬ್ಬರೂ ಪಕ್ಕದಲ್ಲಿದ್ದ ಅವರ ಪಿಯಾನೊ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದೆವು. ಆ ಸೆಕೆಯಲ್ಲೂ ಅದರ ಹಿಡಿಕೆಯನ್ನು ಮುಟ್ಟಿದರೆ ಕೈ ಕೊರೆಯುತ್ತಿತ್ತು.

ಅವನು ಹೇಳದೆ ಕೇಳದೆ ಎದ್ದು ಹೋದ. ಆಲ್ಬಮ್ ಮುಗಿಯಿತು, ಗುನುಗು ಮುಗಿಯಲಿಲ್ಲ.

ಆ ಬಾಗಿಲನ್ನು ನಾನು ಇವತ್ತಿಗೂ ತೆಗೆದಿಲ್ಲ. ಗುನುಗಿನ ನಡುವೆ ಒಮ್ಮೆಯಾದರೂ ನನ್ನ ಹೆಸರು ಕೇಳಿಸಿದರೆ ತೆಗೆಯುತ್ತೇನೆ. ಇನ್ನೂ ಕೇಳಿಸಿಲ್ಲ.