ಅತ್ತೆಗುಡ್ಡದ ಮೇಲೊಂದು ಉತ್ತರ

"ಕೈ ತೆಗೀರಿ! ಮೊದಲು ಕೈ ತೆಗೀರಿ ಅಂದೆ!"

ಆ ಕೂಗಿಗೆ ರಸ್ತೆಬದಿಯ ದ್ರಾಕ್ಷಿತೋಟದಿಂದ ಹಕ್ಕಿಗಳ ಹಿಂಡೊಂದು ಪುರ್ರನೆ ಹಾರಿಹೋಯಿತು.

ತೇಜಸ್ವಿನಿಯ ಬೆನ್ನ ಮೇಲಿದ್ದ ಕೈ ಕೆಂಡ ಮುಟ್ಟಿದಂತೆ ಹಿಂದಕ್ಕೆ ಸರಿಯಿತು. ಆದರೆ ಆಗಬಾರದ್ದು ಆಗಿಹೋಗಿತ್ತು. ಹಿಡಿತ ತಪ್ಪಿ, ಸೈಕಲ್ ವಾಲಿ, ಅವಳು ಕಾಲು ನೆಲಕ್ಕಿಟ್ಟಳು. ಗುಡ್ಡದ ನೆತ್ತಿ ಕೂಗಳತೆಯಲ್ಲೇ ಇತ್ತು!

"ತಪ್ಪಾತ್ರಿ... ನಿಮಗ ಭಾಳ ತ್ರಾಸ ಆಗಾಕತ್ತಿತ್ತು. ಸ್ವಲ್ಪ ದೂಡೋಣಂತ..."

"ನಾನು ಕೇಳಿದ್ನಾ?"

"ಇಲ್ರಿ."

"ಮತ್ತೆ?"

ಆ ಎತ್ತರದ ಯುವಕ ತನ್ನ ಸೈಕಲ್ಲಿನಿಂದ ಇಳಿದ. ಹೆಲ್ಮೆಟ್ಟಿನ ಕೆಳಗೆ ಮುಖ ಕೆಂಪಾಗಿತ್ತು. ಅವನ ಹೆಸರು ಕಲ್ಮೇಶ್. ಧಾರವಾಡದವನು, ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಬಳಿಯ ಸೌತ್‌ಫೀಲ್ಡಿನಲ್ಲಿ ಎಂಜಿನಿಯರ್.

ಶಿಕಾಗೋ ಮತ್ತು ಡೆಟ್ರಾಯಿಟ್ ಕಡೆಯ ಕನ್ನಡಿಗರು ಪ್ರತಿ ಅಕ್ಟೋಬರಿನಲ್ಲಿ ಮಿಶಿಗನ್ನಿನ ನೈಋತ್ಯ ಮೂಲೆಯಲ್ಲಿ ಸೇರಿ ಸೈಕಲ್ ತುಳಿಯುತ್ತಾರೆ. ಥ್ರೀ ಓಕ್ಸ್ ಎಂಬ ಹಳೆಯ ಊರಿನಿಂದ ಹೊರಟು, ವೈನ್ ತಯಾರಿಸುವ ತೋಟಗಳ ನಡುವೆ ಹತ್ತಿ ಇಳಿದು, ಬರೋಡಾ ಎಂಬ ಹಳ್ಳಿಯಲ್ಲಿ ತಂದ ಚಿತ್ರಾನ್ನ ತಿಂದು ವಾಪಸಾಗುವುದು. ಹೌದು, ಮಿಶಿಗನ್ನಿನಲ್ಲೂ ಒಂದು ಬರೋಡಾ ಇದೆ! ದಾರಿಯಲ್ಲಿ ಬರುವ ಈ ಗುಡ್ಡಕ್ಕೆ ತಂಡದ ಹಿರಿಯರಾದ ನೇಪರ್‌ವಿಲ್‌ನ ಡಾಕ್ಟರ್ ಪಂಚಾಕ್ಷರಿ ಅಂಕಲ್ ಇಟ್ಟ ಹೆಸರು ಅತ್ತೆಗುಡ್ಡ. "ದೂರದಿಂದ ಮೆತ್ತಗೆ ಕಾಣ್ತದ, ಹತ್ತಿರ ಹೋದವರಿಗೇ ಗೊತ್ತು," ಎಂದು ಅವರು ನಗುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳಿದ್ದಾರೆಯೇ?

ಏರಿನಲ್ಲಿ ಸೋತವರ ಬೆನ್ನಿಗೆ ಕೈಯಿಟ್ಟು ದೂಡುವುದು ಸೈಕಲ್ ಸವಾರರ ರೂಢಿ. ಅದರಲ್ಲಿ ಸ್ನೇಹವಲ್ಲದೆ ಬೇರೇನೂ ಇರುವುದಿಲ್ಲ. ಅದು ತೇಜಸ್ವಿನಿಗೂ ಗೊತ್ತಿತ್ತು.

ಆದರೆ ಎರಡು ಚಳಿಗಾಲಗಳ ಹಿಂದೆ ಶಿಕಾಗೋ ಬಳಿಯ ಲೊಂಬಾರ್ಡಿನ ಅಪಾರ್ಟ್‌ಮೆಂಟಿನ ಮುಂದೆ ಹಿಮದ ಮೇಲೆ ಜಾರಿ ಬಿದ್ದು ಬಲ ಮೊಣಕಾಲಿಗೆ ಆಪರೇಷನ್ ಆದಾಗಿನಿಂದ, ಎಲ್ಲರ ಕೈಗಳೂ ಅವಳ ಕಡೆಗೇ ಚಾಚುತ್ತಿದ್ದವು. ಮೆಟ್ಟಿಲು ಕಂಡರೆ ಒಂದು ಕೈ, ಕಾರು ಇಳಿದರೆ ಇನ್ನೊಂದು ಕೈ. ಮೈಸೂರಿನಿಂದ ಅಮ್ಮ ಲಲಿತಮ್ಮನದು ದಿನವೂ ಒಂದೇ ರಾಗ. "ಸೈಕಲ್ ಗೀಕಲ್ ಎಲ್ಲಾ ಬಿಟ್ಬಿಡು ಪುಟ್ಟಿ. ಇನ್ನು ನಿನ್ನ ನೋಡ್ಕೊಳ್ಳೋರು ಒಬ್ರು ಬೇಕು."

'ನನ್ನನ್ನು ನೋಡಿಕೊಳ್ಳುವುದಕ್ಕೆ ನಾನಿಲ್ಲವೇ?'

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಅವಳು ಈ ಗುಡ್ಡಕ್ಕೆ ಬಂದಿದ್ದಳು.

ಅವತ್ತು ಮಧ್ಯಾಹ್ನ ಬರೋಡಾದಲ್ಲಿ ಕಲ್ಮೇಶ್ ಎರಡು ಕಪ್ ಕಾಫಿ ಹಿಡಿದು ಬಂದು, ತುಸು ದೂರದಲ್ಲೇ ನಿಂತ.

"ಇನ್ನೊಮ್ಮೆ ನೀವು ಹತ್ತೋವಾಗ ನಾ ಒಂದು ಫರ್ಲಾಂಗ್ ದೂರ ಇರ್ತೇನ್ರಿ. ಖರೇ."

"ಕಾಫಿ ಕೊಡೋದಕ್ಕೆ ಹತ್ತಿರ ಬರಬಹುದು," ಎಂದಳು ತೇಜಸ್ವಿನಿ. ಮೂಗಿನ ತುದಿಯಲ್ಲಿದ್ದ ಕೋಪ ಎಲ್ಲಿ ಹೋಯಿತೋ!

ಆ ಚಳಿಗಾಲವಿಡೀ ಇಬ್ಬರೂ ಮನೆಯೊಳಗೇ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎದುರಿಗೆ ವಿಡಿಯೋ ಕಾಲ್ ಇಟ್ಟುಕೊಂಡು ತುಳಿದರು. ಅವಳು ಲೊಂಬಾರ್ಡಿನಲ್ಲಿ, ಅವನು ಸೌತ್‌ಫೀಲ್ಡಿನಲ್ಲಿ. ಅವನ ಗಡಿಯಾರ ಅವಳದಕ್ಕಿಂತ ಒಂದು ಗಂಟೆ ಮುಂದೆ. ಆದರೂ ಅವನು ಯಾವಾಗಲೂ ಅವಳ ಶಿಕಾಗೋ ಸಮಯದಲ್ಲೇ ಹೇಳುತ್ತಿದ್ದ. ಏಳು ಎಂದರೆ ಅವಳ ಏಳು.

ಮಾರ್ಚಿನ ಒಂದು ಸಂಜೆ, ಬೆವರು ಒರೆಸಿಕೊಳ್ಳುತ್ತಾ, ಕಲ್ಮೇಶ್ ಸೀದಾ ಕೇಳಿಯೇಬಿಟ್ಟ.

"ತೇಜಸ್ವಿನಿ... ನನ್ನ ಮದುವಿ ಆಗ್ತೀರೇನ್ರಿ?"

ಅವಳ ಕಾಲುಗಳು ಪೆಡಲ್ ಮೇಲೆ ನಿಂತುಹೋದವು. ಹೌದು ಎಂಬ ಮಾತು ತುಟಿಯವರೆಗೆ ಬಂದಿತ್ತು. ಆದರೆ...

'ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಇಲ್ಲದಾಗ ಹೌದು ಅಂದರೆ, ಅದು ಪ್ರೀತಿಯೋ? ಆಸರೆಯೋ?'

"ಮೇ ತಿಂಗಳಲ್ಲಿ ಅತ್ತೆಗುಡ್ಡ ಹತ್ತೋಣ. ನಾನು ಕಾಲು ಕೆಳಗಿಡದೆ ಹತ್ತಬೇಕು. ಉತ್ತರ ಗುಡ್ಡದ ಮೇಲೆ ಹೇಳ್ತೀನಿ."

"ಹತ್ತಲಿಕ್ಕೆ ಆಗಲಿಲ್ಲಂದ್ರ?"

"ಇನ್ನೊಂದ್ಸಲ ಹತ್ತೋದು!"

ಕಲ್ಮೇಶ್ ಗಟ್ಟಿಯಾಗಿ ನಕ್ಕ. ಎಷ್ಟು ಸಲವಾದರೂ ಸರಿ, ಕಾಯುತ್ತೇನೆ ಎಂದ.

ಎಲ್ಲಾ ಸರಿಯಾಗಿಯೇ ಇತ್ತು. ಆದರೆ ಧಾರವಾಡದಿಂದ ಅವನ ತಾಯಿ ಗಂಗಮ್ಮ ಬಂದ ವಾರ, ವಿಡಿಯೋ ಕಾಲಿನ ಆಚೆಯಿಂದ ಒಂದು ಮಾತು ತೇಜಸ್ವಿನಿಯ ಕಿವಿಗೆ ಬಿತ್ತು.

"ಮೊಣಕಾಲ ಆಪರೇಷನ್ ಆಗೇತಿ ಅಂದ್ಯಲ್ಲಪಾ, ಆ ಹುಡುಗಿ ಇಕಿನ ಏನು?"

ಕಲ್ಮೇಶ್ ಗಡಿಬಿಡಿಯಲ್ಲಿ ಮೈಕ್ ಆರಿಸಿದ. ಏನು ವಿಷಯ ಎಂದು ತೇಜಸ್ವಿನಿ ಕೇಳಲಿಲ್ಲ. ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಟಮಾರಿಗಳು ಗುಡ್ಡವನ್ನಾದರೂ ಹತ್ತುತ್ತಾರೆ, ಒಂದು ಪ್ರಶ್ನೆ ಕೇಳಲು ಮಾತ್ರ ಹಿಂಜರಿಯುತ್ತಾರೆ.

"ಶನಿವಾರ ಮುಂಜಾನೆ ಎಂಟಕ್ಕ, ಥ್ರೀ ಓಕ್ಸ್‌ದಾಗ ಹಳೇ ರೈಲ್ವೆ ಸ್ಟೇಷನ್ ಹತ್ರ," ಎಂದಷ್ಟೇ ಅವನು ಮೆಸೇಜ್ ಕಳಿಸಿದ್ದ.

ಶನಿವಾರ ಎಂಟಕ್ಕೆ ಸರಿಯಾಗಿ ತೇಜಸ್ವಿನಿ ಅಲ್ಲಿದ್ದಳು. ಕಲ್ಮೇಶ್ ಇರಲಿಲ್ಲ.

ಕಾದಳು. ಫೋನ್ ಮಾಡಿದಳು, ಎತ್ತಲಿಲ್ಲ. "ಎಲ್ಲಿದ್ದೀರಿ?" ಎಂಬ ಮೆಸೇಜ್ ಓದದೆ ಹಾಗೇ ಬಿದ್ದಿತ್ತು. ಇಟ್ಟಿಗೆಯ ಹಳೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆದವು. ಮುಕ್ಕಾಲು ಗಂಟೆ ಕಳೆಯಿತು.

'ಅವನಮ್ಮ ಬೇಡ ಅಂದಿರಬೇಕು. ಕುಂಟು ಕಾಲಿನ ಸೊಸೆ ಯಾರಿಗೆ ಬೇಕು?'

ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಎಲ್ಲಿಲ್ಲದ ಸಿಟ್ಟೂ ಬಂತು!

'ಅವನಿಗೋಸ್ಕರ ಹತ್ತಬೇಕು ಅಂತ ಬಂದಿದ್ದೆನಾ ನಾನು? ಇಲ್ಲ. ನನಗೋಸ್ಕರ!'

ಫೋನ್ ಆರಿಸಿ ಬೆನ್ನಿನ ಜೇಬಿಗೆ ತುರುಕಿದಳು. ಹೆಲ್ಮೆಟ್ ಬಿಗಿದು ಹೊರಟೇಬಿಟ್ಟಳು.

ಸೇಬಿನ ತೋಟಗಳು ಹೂಬಿಟ್ಟಿದ್ದವು. ದ್ರಾಕ್ಷಿಬಳ್ಳಿಗಳಲ್ಲಿ ಆಗಷ್ಟೇ ಚಿಗುರು. ಹಳೆಯ ಚರ್ಚು, ಕೆಂಪು ಕೊಟ್ಟಿಗೆ, ವೈನ್ ರುಚಿ ನೋಡಲು ಕರೆಯುವ ಬೋರ್ಡುಗಳು ಎಲ್ಲವೂ ಹಿಂದೆ ಸರಿದವು. ಅವಳು ಯಾವುದನ್ನೂ ನೋಡಲಿಲ್ಲ. ಕೊನೆಗೆ ಒಂದು ತಿರುವಿನಾಚೆ ಅತ್ತೆಗುಡ್ಡ ಎದುರಾಯಿತು.

ಅರ್ಧದವರೆಗೆ ಸಲೀಸು. ಆಮೇಲೆ ರಸ್ತೆ ತನ್ನ ನಿಜಗುಣ ತೋರಿಸಿತು. ಕೊನೆಯ ಗೇರ್ ಕೂಡ ಮುಗಿಯಿತು. ಉಸಿರು ಸಿಳ್ಳೆ ಹಾಕತೊಡಗಿತು. ಮೊಣಕಾಲಿನ ಒಳಗೆಲ್ಲೋ ಹಳೆಯ ನೋವು ಮೆಲ್ಲನೆ ಕಣ್ಣುಬಿಟ್ಟಿತು.

'ಇಳಿದುಬಿಡಲಾ? ಇಲ್ಲಿ ಯಾರಿದ್ದಾರೆ ನೋಡೋದಕ್ಕೆ?'

'ನಾನಿದ್ದೀನಲ್ಲ!'

ಹಲ್ಲು ಕಚ್ಚಿ ತುಳಿದಳು. ಸೈಕಲ್ ನಡಿಗೆಗಿಂತಲೂ ನಿಧಾನವಾಗಿ ತೆವಳಿತು. ಕಳೆದ ವರ್ಷ ಕಾಲಿಟ್ಟ ಜಾಗ ಬಂತು, ಹೋಯಿತು. ಕಣ್ಣಿಗೆ ಬೆವರು ಇಳಿದು ರಸ್ತೆ ಮಸುಕಾಯಿತು. ಇನ್ನೊಂದು ತುಳಿತ... ಇನ್ನೊಂದೇ ಒಂದು...

ಇದ್ದಕ್ಕಿದ್ದಂತೆ ಪೆಡಲ್ ಹಗುರಾಯಿತು. ಎದುರಿಗೆ ಆಕಾಶ, ಕೆಳಗೆ ಸಾಲು ಸಾಲು ದ್ರಾಕ್ಷಿತೋಟ!

"ಹತ್ತಿದೆ... ಹತ್ತಿಬಿಟ್ಟೆ!"

ತೇಜಸ್ವಿನಿ ಕೂಗಿದಳು. ನಕ್ಕಳು. ನಗುತ್ತಲೇ ತಿರುಗಿ ಪಕ್ಕಕ್ಕೆ ನೋಡಿದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ ಕ್ಷಣ ಅವಳಿಗೆ ಎಲ್ಲವೂ ತಿಳಿಯಿತು. ಹತ್ತಲು ಅವನು ಬೇಕಾಗಿರಲಿಲ್ಲ. ಹತ್ತಿದ ಮೇಲೆ ಬೇಕಾಗಿತ್ತು. ಇದು ಆಸರೆಯಲ್ಲ, ಪ್ರೀತಿಯೇ. ಗೊತ್ತಾಗಿ ಏನು ಪ್ರಯೋಜನ, ಉತ್ತರ ಕೇಳಬೇಕಾದವನೇ ಬರಲಿಲ್ಲವಲ್ಲ! ಹುಲ್ಲಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

"ತೇಜಸ್ವಿನೀ..."

ಕೆಳಗಿನಿಂದ ಕ್ಷೀಣವಾದ ದನಿ. ಏರಿನ ಅರ್ಧದಲ್ಲಿ ಒಬ್ಬ ಸೈಕಲ್ ತಳ್ಳಿಕೊಂಡು, ಏದುಸಿರು ಬಿಡುತ್ತಾ, ಕಾಲೆಳೆಯುತ್ತಾ ನಡೆದು ಬರುತ್ತಿದ್ದ.

ಕಲ್ಮೇಶ್! ಗುಡ್ಡಗಳನ್ನು ಆಟದಂತೆ ಹತ್ತುವ ಕಲ್ಮೇಶ್ ನಡೆದು ಬರುತ್ತಿದ್ದಾನೆ!

ಅವಳು ಸೈಕಲ್ಲನ್ನು ಹುಲ್ಲಿನಲ್ಲೇ ಬಿಟ್ಟು ಕೆಳಗಿಳಿದು ಹೋದಳು.

"ಏನಾಯ್ತು? ಈಗ ಬರ್ತಿದ್ದೀರಲ್ಲ!"

"ನಿಮ್ಮನ್ನ ಹಿಡೀಬೇಕಂತ... ಹುಚ್ಚನಂಗ ತುಳ್ದೇನ್ರಿ... ಇಲ್ಲಿ ಬಂದು ಕಾಲ ಕೈಕೊಟ್ವು. ನೀವ್ಯಾಕ ಒಂದು ತಾಸು ಮದ್ಲ ಬಂದ್ರಿ?"

"ನಾನಾ? ಎಂಟಕ್ಕೆ ಅಂದಿದ್ದು ನೀವೇ ಅಲ್ವಾ!"

"ನಿಮ್ಮ ಎಂಟಕ್ಕ ಅಂದೆನ್ರಿ! ಶಿಕಾಗೋ ಎಂಟಕ್ಕ. ಯಾವಾಗ್ಲೂ ಹಂಗ ಅಲ್ಲೇನು?"

ತೇಜಸ್ವಿನಿ ಹಣೆಗೆ ಕೈ ಹೊಡೆದುಕೊಂಡಳು. "ಮಿಶಿಗನ್‌ಗೆ ಬರ್ತಿದ್ದೀನಿ, ಇವತ್ತೊಂದಿನ ನಾನೇ ನಿಮ್ಮ ಟೈಮ್‌ಗೆ ಬರೋಣ ಅಂತ... ಫೋನ್ ಯಾಕೆ ಎತ್ತಲಿಲ್ಲ?"

"ಡ್ರೈವ್ ಮಾಡಾಕತ್ತಿದ್ನಿ. ಡ್ರೈವಿಂಗ್‌ನ್ಯಾಗ ನಾ ಫೋನ್ ಬಂದ್ ಮಾಡ್ತೇನ್ರಿ. ಆಮ್ಯಾಲ ನಿಮಗ ಮಾಡಿ ಮಾಡಿ ಸಾಕಾತು."

ಇಬ್ಬರೂ ಒಬ್ಬರ ಗಡಿಯಾರಕ್ಕೆ ಇನ್ನೊಬ್ಬರು ಮಣಿದು ಕೆಟ್ಟಿದ್ದರು, ಪಾಪ!

"ನಾನು... ನಿಮ್ಮಮ್ಮ ಬೇಡ ಅಂದ್ರೇನೋ ಅಂತ..." ಅವಳ ದನಿ ಇಳಿಯಿತು. "ನನ್ನ ಆಪರೇಷನ್ ವಿಷಯ ಕೇಳ್ತಿದ್ರಲ್ಲ ಅವತ್ತು."

ಕಲ್ಮೇಶ್ ಕಣ್ಣರಳಿಸಿದ. "ಅಯ್ಯ! ಅವ್ವಗ ಎರಡೂ ಮೊಣಕಾಲ ಸವದಾವ್ರಿ. ಡಾಕ್ಟರು ಆಪರೇಷನ್ ಅಂದಾರ, ಈಕಿ ಹೆದರಿ ಕುಂತಾಳ. 'ಮಾಡಿಸ್ಕೊಂಡು ಸೈಕಲ್ ಹೊಡ್ಯೋ ಹುಡುಗಿ ಕೂಡ ಮಾತಾಡ್ಸು' ಅಂತ ನನ್ನ ಜೀವ ತಿನ್ನಾಕತ್ತಾಳ. ಮದ್ಲ ನಿಮ್ಮ ಉತ್ತರ ಬರಲಿ, ಒತ್ತಾಯ ಮಾಡಿದಂಗ ಆಗಬಾರ್ದಂತ ಸುಮ್ಮನಿದ್ನಿ."

ತೇಜಸ್ವಿನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅವನ ಸೈಕಲ್ಲಿನ ಇನ್ನೊಂದು ಬದಿಗೆ ಬಂದು, ಹೆಜ್ಜೆ ಹಾಕತೊಡಗಿದಳು.

"ನೀವ್ಯಾಕ ಇಳ್ದ್ರಿ? ಅಷ್ಟು ಕಷ್ಟಪಟ್ಟು ಹತ್ತಿದವ್ರು?"

"ಹತ್ತಿದ್ದು ನನ್ನ ಹಟ. ಇಳಿದದ್ದು ನನ್ನಿಷ್ಟ."

ಸ್ವಲ್ಪ ದೂರ ಹೋದ ಮೇಲೆ ಅವಳು ಅವನ ಕಡೆ ತಿರುಗಿದಳು.

"ನೀವಿಲ್ಲದೇನೂ ಹತ್ತಬಲ್ಲೆ ಅಂತ ಇವತ್ತು ಗೊತ್ತಾಯ್ತು ಕಲ್ಮೇಶ್."

ಅವನ ಮುಖ ಬಾಡಿತು. "ಹೌದ್ರಿ..."

"ಪೂರ್ತಿ ಕೇಳಿ! ಮೇಲೆ ಹೋಗಿ ಪಕ್ಕಕ್ಕೆ ತಿರುಗಿದೆ. ನೀವಿರಲಿಲ್ಲ. ಚೆನ್ನಾಗಿರಲಿಲ್ಲ ನನಗೆ... ಒಂಚೂರೂ ಚೆನ್ನಾಗಿರಲಿಲ್ಲ. ಅದಕ್ಕೇ, ಹೂಂ."

"ಹೂಂ ಅಂದ್ರ?"

"ಹೂಂ ಅಂದ್ರೆ ಹೂಂ ಕಣ್ರೀ! ಮದುವೆ ಆಗೋಣ."

ಕಲ್ಮೇಶ್ ನಡುರಸ್ತೆಯಲ್ಲಿ ನಿಂತುಬಿಟ್ಟ.

"ಒಂದ್ ನಿಮಿಷ ತಡೀರಿ..."

"ಸುಸ್ತಾಯ್ತಾ?"

"ಅಲ್ರಿ. ದಾರಿನ ಕಾಣವಲ್ದು." ಅವನು ಗ್ಲೌಸಿನ ಹಿಂಬದಿಯಿಂದ ಕಣ್ಣೊರೆಸಿಕೊಂಡ.

ಗುಡ್ಡದ ನೆತ್ತಿ ಇನ್ನೂ ಮೇಲಿತ್ತು. ತೇಜಸ್ವಿನಿ ಆ ಕಡೆ ನೋಡಲಿಲ್ಲ.

"ನಿಧಾನಕ್ಕೆ ಬನ್ನಿ," ಎಂದಳು. "ನಾನೆಲ್ಲೂ ಹೋಗಲ್ಲ."